ಸದಾಶಿವಯ್ಯನವರ ಸಹಿ

"ನಿನ್ನ ಮಗಳು ನಡೆಸಿದ ಕೇಸು ಒಂದೊಂದನ್ನೂ ಅವಳ ಹೆಸರಿಗೇ ಬರ್ದು, ಕೆಳಗೆ ನಾನೇ ಸಹಿ ಹಾಕಿಕೊಡ್ತೀನಿ ಕಣ್ಲಾ ಅಡವಿ. ಲಿಂಗದಾಣೆ."

ಗುಬ್ಬಿಯಿಂದ ಮೂರು ಮೈಲಿ ಆಚೆ, ತೋಟದ ಮನೆಯ ಜಗಲಿಯ ಮೇಲೆ ಕೂತು, ಅಂಗಿಯೊಳಗಿನ ಇಷ್ಟಲಿಂಗದ ಕರಡಿಗೆಯನ್ನು ಬಲಗೈಯಲ್ಲಿ ಒತ್ತಿ ಹಿಡಿದು ಸದಾಶಿವಯ್ಯ ಈ ಮಾತು ಹೇಳಿದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ. ಕೇಳಿಸಿಕೊಂಡವರು ಇಬ್ಬರು. ಒಬ್ಬ ಅಡವಿಯಪ್ಪ, ಸದಾಶಿವಯ್ಯನ ಜೊತೆ ಮಠದ ಹಾಸ್ಟೆಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಐದು ವರ್ಷ ಮುದ್ದೆ ಉಂಡವನು. ಇನ್ನೊಬ್ಬಳು ಅವನ ಮಗಳು ಗಂಗಾಂಬಿಕೆ. ಲಾ ಮುಗಿಸಿ, ಇಪ್ಪತ್ತಮೂರನೇ ವಯಸ್ಸಿಗೆ ಕರಿಕೋಟು ಹೊಲಿಸಿಕೊಂಡು, ತುಮಕೂರಿನ ದೊಡ್ಡ ವಕೀಲರಾದ ಸದಾಶಿವಯ್ಯನವರ ಆಫೀಸಿಗೆ ಸೇರಲು ಬ್ಯಾಗು ಕಟ್ಟಿಟ್ಟುಕೊಂಡಿದ್ದಳು.

ಅಡವಿಯಪ್ಪ ಸುಮ್ಮಸುಮ್ಮನೆ ಆಣೆ ಹಾಕಿಸುವ ಪೈಕಿ ಅಲ್ಲ. ತೋಟದ ಬದುವಿನ ಸಲುವಾಗಿ ಗುಬ್ಬಿ ಕೋರ್ಟಿಗೆ ಆರು ವರ್ಷ ಅಲೆದಿದ್ದ. ಕೆಲಸ ಮಾಡುವವನು ಒಬ್ಬ, ಹೆಸರು ಇನ್ನೊಬ್ಬನದು ಅನ್ನೋದನ್ನು ಅಲ್ಲಿನ ಬೆಂಚಿನ ಮೇಲೆ ಕೂತು ಕಣ್ಣಾರೆ ಕಂಡಿದ್ದ. ಅದಕ್ಕೇ ಕೇಳಿದ್ದ: "ನಿನ್ನಾಫೀಸಲ್ಲಿ ವಕಾಲತ್ತಿನ ಮೇಲೆ ಒಂದೇ ಹೆಸ್ರಂತೆ, ನಿಂದು. ನಾಳೆ ಇವ್ಳು ಜಡ್ಜ್ ಕೆಲ್ಸಕ್ಕೆ ಅರ್ಜಿ ಹಾಕೋವಾಗ, ಇವ್ಳು ಮಾಡಿದ್ದು ಇವ್ಳದೇ ಅಂತ ಯೋಳೋರ್ಯಾರು?"

ಆ ಪ್ರಶ್ನೆಗೆ ಸಿಕ್ಕಿದ ಉತ್ತರವೇ ಆ ಆಣೆ. ಅಡವಿಯಪ್ಪನಿಗೆ ಅಷ್ಟು ಸಾಕಾಯಿತು. ಸದಾಶಿವಯ್ಯನ ಕಾರಿನ ಡಿಕ್ಕಿಗೆ ಎರಡು ಗೊನೆ ಎಳನೀರು ಹಾಕಿ ಕಳಿಸಿದ.

ತುಮಕೂರು ಕೋರ್ಟಿನ ಹಿಂದಿನ ರಸ್ತೆಯಲ್ಲಿದ್ದ ಆಫೀಸಿಗೆ ಗಂಗಾಂಬಿಕೆ ಸೇರಿದಾಗ ಅಲ್ಲಿ ಜೂನಿಯರುಗಳು ನಾಲ್ಕು ಜನ. ಮೂರು ವರ್ಷದಲ್ಲಿ ಉಳಿದವಳು ಇವಳೊಬ್ಬಳೇ. ಕಕ್ಷಿಗಾರರು ಸಹಿ ಹಾಕುವ ವಕಾಲತ್ತಿನ ಹಾಳೆಯ ಮೇಲೆ 'ಎಸ್. ಸದಾಶಿವಯ್ಯ, ವಕೀಲರು' ಅಂತ ಒಂದೇ ಸಾಲು ಅಚ್ಚಾಗಿರುತ್ತಿತ್ತು. "ಹೆಸ್ರು ಎರಡಾದ್ರೆ ಕಕ್ಷಿಗಾರನ ಭಯಭಕ್ತಿ ಅರ್ಧ ಆಗ್ತದೆ ಕಣಮ್ಮ" ಅನ್ನೋದು ಅವರ ಸಿದ್ಧಾಂತ. ಅದನ್ನು ಅವರು ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರೆಂದರೆ, ಕೇಳುವವರಿಗೆ ತಮ್ಮ ಹೆಸರು ಇಲ್ಲದಿರುವುದೇ ಒಂದು ಮರ್ಯಾದೆ ಅನ್ನಿಸಿಬಿಡುತ್ತಿತ್ತು.

ಸಹಿಯ ವಿಷಯ ಶುರುವಾದದ್ದು ಕುಣಿಗಲ್ಲಿನಲ್ಲಿ. ಅವಳು ಸೇರಿ ಎಂಟು ತಿಂಗಳಾಗಿತ್ತು. ಒಂದು ದಾವೆಯಲ್ಲಿ ಮಧ್ಯಾಹ್ನದೊಳಗೆ ಮೆಮೊ ಕೊಡಬೇಕು, ಸದಾಶಿವಯ್ಯ ಬೆಂಗಳೂರಿನಲ್ಲಿ. ಕೋರ್ಟಿನ ಎದುರಿನ ಬೂತಿನಿಂದ ಫೋನು ಮಾಡಿದಳು.

"ಸಾರ್, ಮೆಮೊಗೆ ನಿಮ್ಮ ಸಹಿ ಇಲ್ಲ."

"ನನ್ನ ಸಹಿ ನೋಡಿಲ್ವೇನಮ್ಮ ನೀನು? ಹಾಕ್ಬುಡು."

"ಸಾರ್, ನಿಮ್ಮ ಸಹಿ ನಾನು ಹೆಂಗೆ..."

"ಅದು ಆಫೀಸಿನ ಸಹಿ ಕಣೇ. ನಂದು ನಿಂದು ಅಂತ ಬೇರೆ ಇರ್ತದಾ? ಹಾಕು, ಹಾಕು, ಜಡ್ಜು ಊಟಕ್ಕೆ ಎದ್ದಾರು."

ಬಸ್ಸಿನ ಟಿಕೇಟಿನ ಹಿಂದೆ ನಾಲ್ಕು ಸಲ ಬರೆದು ನೋಡಿ, ಐದನೆಯದನ್ನು ಮೆಮೊ ಮೇಲೆ ಹಾಕಿದಳು. ಸುರುಳಿ ಸುತ್ತಿಕೊಂಡ ದೊಡ್ಡ ಎಸ್ಸು, ಕಾಲು ನೀಡಿದ ಚಿಕ್ಕ ಎಸ್ಸು, ಕೆಳಗೆ ಎರಡು ಚುಕ್ಕಿ. ಮುಂದಿನ ಸಲ ಟಿಕೇಟಿನ ಹಿಂದೆ ಬರೆದು ನೋಡುವುದು ಬೇಕಾಗಲಿಲ್ಲ. ಇಂಥ ಆಫೀಸುಗಳಲ್ಲಿ ಇಂಥ ಸಹಿ ಹಾಕದ ಜೂನಿಯರು ಸಿಕ್ಕುವುದು ಕಷ್ಟ. ಅದು ತಪ್ಪು ಅಂತ ಎಲ್ಲರಿಗೂ ಗೊತ್ತು, ಹಾಗಂತ ಯಾರೂ ನಿಲ್ಲಿಸುವುದಿಲ್ಲ. ವರ್ಷ ಕಳೆದ ಹಾಗೆ ಅವಳ ಕೈಯ ಸದಾಶಿವಯ್ಯ ಅಸಲಿ ಸದಾಶಿವಯ್ಯನವರಿಗಿಂತ ಮುದ್ದಾಗಿ ಬರತೊಡಗಿದರು. ಒಮ್ಮೆ ಅಪರೂಪಕ್ಕೆ ಅವರೇ ಖುದ್ದಾಗಿ ಸಹಿ ಹಾಕಿ ಕಳಿಸಿದ ಅರ್ಜಿಯನ್ನು ಕುಣಿಗಲ್ ಕೋರ್ಟಿನ ಗುಮಾಸ್ತ ಅಂಜಿನಪ್ಪ ತಿರುಗಿಸಿ ಕೊಟ್ಟ.

"ಮೇಡಂ, ಇದು ಸಾಹೇಬ್ರ ಸಹಿ ಅಲ್ಲ. ಯಾರೋ ಗೀಚವ್ರೆ."

ಸದಾಶಿವಯ್ಯನವರಿಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ಮೇಲೆ ನಾನು ನಿನ್ನ ಹತ್ರ ಪ್ರಾಕ್ಟೀಸ್ ಮಾಡ್ಬೇಕು ಬುಡು ಗಂಗೀ."

ಸಹಿ ಅವರದು, ಕೆಲಸ ಇವಳದು. ಬರೆಯುವುದು, ಸಾಕ್ಷಿಗಳನ್ನು ತಯಾರು ಮಾಡುವುದು, ಪಾಟೀಸವಾಲು, ವಾದ. ಗುಬ್ಬಿ ಕಡೆಯ ಒಂದು ಕೊಲೆ ಕೇಸನ್ನು ಅವಳು ಎಂದೂ ಮರೆಯಲಾರಳು. ಅಡ್ಡದಾರಿಯಲ್ಲಿ ನಡೆದ ಹೊಡೆದಾಟವನ್ನು ತೋಟದಲ್ಲಿ ಕಾಯಿ ಸುಲಿಯುತ್ತಾ ಪೂರ್ತಿ ನೋಡಿದೆ ಅಂತ ಒಬ್ಬ ಸಾಕ್ಷಿ ಹೇಳಿದ್ದ. ಪೊಲೀಸಿನವರ ಕೇಸೆಲ್ಲ ನಿಂತಿದ್ದು ಅವನ ಮೇಲೇ. ಗಂಗಾಂಬಿಕೆ ಎದ್ದು ನಿಂತು ದಾರಿಯ ಬಗ್ಗೆ ಕೇಳಲಿಲ್ಲ, ದೊಣ್ಣೆಯ ಬಗ್ಗೆ ಕೇಳಲಿಲ್ಲ.

"ಎಷ್ಟು ಕಾಯಿ ಸುಲಿದ್ರಿ ಅವತ್ತು?"

"ನಾನೂರು ಆಗಿರ್ಬೈದು ಮೇಡಂ."

"ಸುಲಿಗೋಲು ನೆಲಕ್ಕೆ ನೆಟ್ಟಿದ್ದು ತಾನೆ? ಕಾಯಿನ ಅದ್ರ ಮೊನೆ ಮೇಲೆ ಕುಕ್ಕಿ ತಿರುವೋದು?"

"ಹೂಂ ಮತ್ತೆ."

"ಕುಕ್ಕೋವಾಗ ಕಣ್ಣು ಎಲ್ಲಿರ್ತದೆ?"

"ಮೊನೆ ಮ್ಯಾಲೆ."

"ದಾರಿ ಕಡೆ ನೋಡ್ಕೊಂಡು ಕುಕ್ಕಿದ್ರೆ?"

ಅವನು ಇವಳಿಗೇನು ಗೊತ್ತು ಅನ್ನುವ ಹಾಗೆ ನಕ್ಕ. "ನೋಡಿದ್ರೆ ಕೈ ಹೋಯ್ತದೆ ಮೇಡಂ."

ಆರೋಪಿ ಬಿಡುಗಡೆಯಾದ. ತೀರ್ಪಿನ ಮೊದಲ ಪುಟದಲ್ಲಿ 'ಆರೋಪಿಯ ಪರ: ಶ್ರೀ ಎಸ್. ಸದಾಶಿವಯ್ಯ' ಅಂತ ಅಚ್ಚಾಯಿತು. ಆ ದಿನ ಸದಾಶಿವಯ್ಯ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದರು. ಕೋರ್ಟಿನಲ್ಲಿ ಅವಳ ಹಿಂದೆ ಫೈಲು ಹಿಡಿದು ಕೂತಿದ್ದವನು ಅವರ ಒಬ್ಬನೇ ಮಗ ಕಿರಣ್‌ಕುಮಾರ್. ಇವಳಿಗಿಂತ ಒಂದು ವರ್ಷ ಚಿಕ್ಕವನು, ಬೆಂಗಳೂರಿನಲ್ಲಿ ಏನೇನೋ ಮಾಡಿ ಯಾವುದೂ ಕೈ ಹತ್ತದೆ ತಡವಾಗಿ ಕರಿಕೋಟು ತೊಟ್ಟಿದ್ದ. ಒಳ್ಳೆಯ ಹುಡುಗ. ಅಕ್ಕಾ ಅಕ್ಕಾ ಅಂತ ಹಿಂದೆ ಬರುತ್ತಿದ್ದ. ಅವನ ಮೊದಲ ಪಾಟೀಸವಾಲಿನ ಪ್ರಶ್ನೆಗಳನ್ನೆಲ್ಲ ಬರೆದುಕೊಟ್ಟವಳು ಇವಳೇ.

ಅವಳಿಗೆ ಜಡ್ಜಾಗಬೇಕು ಅನ್ನಿಸಿದ್ದು ಅಪ್ಪನ ಆಸೆಗಲ್ಲ. ಪ್ರಾಕ್ಟೀಸಿನ ಎರಡನೇ ವರ್ಷ, ಯಾವುದೋ ಕೇಸಿನ ನಡುವೆ ಹೊತ್ತು ಸಿಕ್ಕಿ ಫ್ಯಾಮಿಲಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಿದ್ದಳು. ಅಪ್ಪ ಅಮ್ಮ ಎರಡು ಕಡೆ ನಿಂತು ಕೂಗಾಡುತ್ತಿದ್ದರು. ನಡುವೆ ಒಂದು ಹೆಣ್ಣು ಮಗು ಅಳುತ್ತಿತ್ತು. ಜಡ್ಜಮ್ಮ ಕುರ್ಚಿಯಿಂದ ಇಳಿದು ಬಂದು ಮಗುವಿನ ಪಕ್ಕ ಕೂತು, "ಇವತ್ತು ಡಬ್ಬಿಗೆ ಏನು ಹಾಕಿದ್ರು?" ಅಂತ ಕೇಳಿದರು. ಮಗು ಅಳು ನಿಲ್ಲಿಸಿ, "ಚಿತ್ರಾನ್ನ" ಅಂದಿತು. ಕೂಗಾಡುತ್ತಿದ್ದ ಅಪ್ಪ ಅಮ್ಮ ಇಬ್ಬರೂ ಮಗುವಿನ ಕಡೆ ತಿರುಗಿದರು. ಆ ಕೆಲಸ ತನ್ನದಾಗಬೇಕು ಅಂತ ಗಂಗಾಂಬಿಕೆಗೆ ಅವತ್ತೇ ಅನ್ನಿಸಿತ್ತು.

ಎರಡು ಸಾವಿರದ ಹದಿನೇಳರಲ್ಲಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರಿಂದ ಅರ್ಜಿ ಕರೆದರು. ಫ್ಯಾಮಿಲಿ ಕೋರ್ಟಿನ ಕುರ್ಚಿಗೆ ಹೋಗುವ ದಾರಿಯೂ ಅದೇ. ಮೂವತ್ತೈದು ತುಂಬಿರಬೇಕು, ನಲವತ್ತೈದು ದಾಟಿರಬಾರದು. ಅವಳಿಗೆ ಮೂವತ್ತಾರು. ಬಟವಾಡಿಯ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ನಾಗಿದ್ದ ಬಸವಪ್ರಭುವನ್ನು ಮದುವೆಯಾಗಿ, ಮಗಳು ನಂದಿತಾಗೆ ಏಳು ವರ್ಷ ಆಗಿತ್ತು. ಅರ್ಜಿಯ ಜೊತೆ, ಸ್ವಂತವಾಗಿ ನಡೆಸಿದ ಕೇಸುಗಳ ಪಟ್ಟಿ ಕೊಡಬೇಕು. ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಸೀನಿಯರ್ ಬರೆದುಕೊಟ್ಟ ಪತ್ರ ಬೇಕು.

"ಸೋಮವಾರ ಬರ್ಕೊಡ್ತೀನಿ" ಅಂದರು ಸದಾಶಿವಯ್ಯ. ಸೋಮವಾರ ಹೋಗಿ ಬುಧವಾರವಾಯಿತು. ಕೊನೆಯ ದಿನ ಶುಕ್ರವಾರ. ಗುರುವಾರ ಬೆಳಿಗ್ಗೆ ನಂದಿತಾಳನ್ನು ಸ್ಕೂಲಿಗೆ ಬಿಟ್ಟು, ಸ್ಕೂಟರು ತಿರುಗಿಸಿಕೊಂಡು ನೇರ ಮರಳೂರಿನ ಅವರ ಮನೆಗೇ ಹೋದಳು.

ವರಾಂಡದಲ್ಲಿ ಕಿರಣ್‌ಕುಮಾರ್ ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದ. "ಅಕ್ಕಾ, ದೇವ್ರು ಬಂದಂಗೆ ಬಂದ್ರಿ. ಈ ಸ್ಕ್ಯಾನು ಒಂದು ಎಂಬಿ ಮೀರಬಾರ್ದಂತೆ. ಹೆಂಗಕ್ಕ ಕಮ್ಮಿ ಮಾಡೋದು?"

ಬಗ್ಗಿ ನೋಡಿದಳು. ಪರದೆಯ ಮೇಲೆ ಸದಾಶಿವಯ್ಯನವರ ಪತ್ರ. 'ಈ ಕೆಳಕಂಡ ಹತ್ತೊಂಬತ್ತು ಪ್ರಕರಣಗಳನ್ನು ನನ್ನ ಕಿರಿಯ ವಕೀಲನಾದ ಕಿರಣ್‌ಕುಮಾರ್ ಸ್ವತಂತ್ರವಾಗಿ ನಡೆಸಿರುತ್ತಾನೆಂದು ದೃಢೀಕರಿಸುತ್ತೇನೆ.' ಮೊದಲನೆಯದೇ ಗುಬ್ಬಿಯ ಕೊಲೆ ಕೇಸು. ಕಾಯಿ ಸುಲಿಯುವವನ ಕೇಸು. ಉಳಿದ ಹದಿನೆಂಟೂ ಅವಳವೇ.

ಸದಾಶಿವಯ್ಯ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು. ಅವಳ ಮುಖ ನೋಡಿದ್ದೇ ಗೊತ್ತಾಯಿತು.

"ಕೂತ್ಕೊ ಗಂಗೀ. ನೀನು ಬುದ್ಧಿವಂತೆ. ಇವತ್ತಲ್ಲ ನಾಳೆ ಆಗೇ ಆಗ್ತೀಯ. ಇವನು? ನೋಡ್ದಲ್ಲ, ಒಂದು ಕಾಗದ ಸ್ಕ್ಯಾನ್ ಮಾಡೋಕೆ ಬರಲ್ಲ. ಇವನಿಗೆ ನಾನು ಮಾಡ್ದೆ ಇನ್ಯಾರು ಮಾಡ್ತಾರೆ ಹೇಳು?"

"ಅಪ್ಪಂಗೆ ಮಾತು ಕೊಟ್ಟಿದ್ರಿ ಸಾರ್. ಲಿಂಗ ಮುಟ್ಟಿ."

"ಕೊಟ್ಟಿದ್ದೆ. ಇಲ್ಲ ಅನ್ನಲ್ಲ. ಬರ್ಕೊಡ್ತೀನಿ ಕಣಮ್ಮ. ಈ ಸಲ ಬೇಡ. ಒಂದೇ ಕೇಸು ಇಬ್ಬರಿಗೆ ಬರ್ಕೊಡಕ್ಕಾಗತ್ತಾ?"

"ಆ ಫೈಲುಗಳಲ್ಲಿ ಇರೋ ಸಹಿ ಎಲ್ಲ ನಂದು ಸಾರ್. ತೆಗೆಸಿ ನೋಡಿದ್ರೆ ಯಾರು ನಡೆಸಿದ್ದು ಅಂತ ಗೊತ್ತಾಗತ್ತೆ."

ಸದಾಶಿವಯ್ಯ ಎದ್ದು ವರಾಂಡದ ಬಾಗಿಲು ಮುಂದೆ ಮಾಡಿ ಬಂದು ಕೂತರು. ಆಮೇಲೆ, ಕಕ್ಷಿಗಾರನಿಗೆ ಬುದ್ಧಿ ಹೇಳುವ ಅದೇ ಮೆಲುದನಿಯಲ್ಲಿ ಅಂದರು: "ಈ ಮನೆಯೊಳಗೆ ಹೇಳ್ದೆ, ಸರಿ. ಆಚೆ ಹೇಳ್ಬೇಡ. ಇನ್ನೊಬ್ಬರ ಸಹಿ ಹಾಕೋದಕ್ಕೆ ಕಾನೂನಲ್ಲಿ ಏನಂತಾರೆ ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ? ಜಡ್ಜ್ ಕೆಲ್ಸ ಹಂಗಿರ್ಲಿ, ವಕೀಲಿ ಮಾಡೋ ಸನದೂ ಉಳಿಯಲ್ಲ."

"ನೀವೇ ಹಾಕು ಅಂದಿದ್ರಿ."

"ಎಲ್ಲಿ ಬರ್ದಿದೆ?"

ಸಾಕ್ಷಿಗಳ ಬಾಯಿ ಮುಚ್ಚಿಸಲು ಈ ಪ್ರಶ್ನೆಯನ್ನು ಯಾವಾಗ ಎಸೆಯಬೇಕು ಅಂತ ಅವಳಿಗೆ ಕಲಿಸಿದವರೇ ಅವರು.

"ಇಡ್ಲಿ ಆಗಿದೆ. ತಿಂದ್ಕೊಂಡು ಹೋಗು" ಅಂದರು.

ಹೊರಗೆ ಕಿರಣ್ ಇನ್ನೂ ಅದೇ ಸ್ಕ್ಯಾನಿನ ಜೊತೆ ಗುದ್ದಾಡುತ್ತಿದ್ದ. ಅವಳು ನಿಂತಳು. ಎರಡು ಗುಂಡಿ ಒತ್ತಿ ಫೈಲು ಚಿಕ್ಕದು ಮಾಡಿಕೊಟ್ಟಳು. ಹದಿಮೂರು ವರ್ಷದ ರೂಢಿ, ಕೈ ತಾನಾಗಿಯೇ ಹೋಗಿತ್ತು. ಬಟವಾಡಿಯ ಮನೆಗೆ ಬಂದು ಸ್ಕೂಟರು ನಿಲ್ಲಿಸಿದ ಮೇಲೆ ಏನು ಮಾಡಿದೆ ಅನ್ನೋದು ಅರಿವಾಗಿ, ಹೆಲ್ಮೆಟ್ಟು ತೆಗೆಯದೆ ಬೀದಿಯಲ್ಲೇ ನಿಂತುಕೊಂಡು ಅತ್ತಳು.

ಆ ವರ್ಷ ಅವಳು ಅರ್ಜಿ ಹಾಕಲೇ ಇಲ್ಲ, ಸದಾಶಿವಯ್ಯನವರ ಆಫೀಸಿಗೂ ಮತ್ತೆ ಹೋಗಲಿಲ್ಲ. ಕಿರಣ್‌ಕುಮಾರ್ ಹಾಕಿದ, ಪರೀಕ್ಷೆಯಲ್ಲಿ ಫೇಲಾದ. ಅಪ್ಪನಿಗೆ ಏನು ಹೇಳುವುದು? ಅರವತ್ತೊಂಬತ್ತರ ಮುದುಕ, ಸ್ನೇಹಿತನ ಹೆಸರು ಬಂದರೆ ಇವತ್ತಿಗೂ ಮುಖ ಅರಳುತ್ತದೆ. "ಸಾರ್ ಬರ್ಕೊಟ್ರು ಅಪ್ಪ. ನಾನೇ ಪರೀಕ್ಷೆಲಿ ಪಾಸಾಗ್ಲಿಲ್ಲ" ಅಂದುಬಿಟ್ಟಳು.

ಅಡವಿಯಪ್ಪ ಸಿಟ್ಟಾದ. "ಅವ್ನು ಮಾತು ಉಳಿಸ್ಕೊಂಡ. ನಿಂಗೆ ಓದಕ್ಕೇನಾಗಿತ್ತು ರೋಗ?"

"ಮುಂದಿನ ಸಲ ಓದ್ತೀನಿ ಅಪ್ಪ" ಅಂದಳು.

ಬಸವಪ್ರಭುವಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಒಂದು ರೂಮು ಖಾಲಿ ಇತ್ತು. ಅಲ್ಲಿ ತನ್ನ ಹೆಸರಿನ ಬೋರ್ಡು ಹಾಕಿದಳು. ಮೊದಲ ವಕಾಲತ್ತಿಗೆ ಸಹಿ ಹಾಕಲು ಕೂತಾಗ ಕೈ ತಾನಾಗಿ ಸುರುಳಿ ಸುತ್ತಿದ ಎಸ್ಸು ಬರೆಯಿತು. ಆ ಹಾಳೆ ಹರಿದು ಇನ್ನೊಂದು ತೆಗೆದಳು. ತನ್ನ ಸ್ವಂತ ಸಹಿ ಸ್ಕೂಲು ಹುಡುಗಿಯದರ ಹಾಗೆ ಕಾಣುತ್ತಿತ್ತು. ಅದು ಬೆಳೆದೇ ಇರಲಿಲ್ಲ.

ದೊಡ್ಡ ಕೇಸುಗಳು ಮೆಟ್ಟಿಲು ಹತ್ತಿ ಬರಲಿಲ್ಲ. ಬಂದದ್ದು ಕೆಳಗಡೆ ರಕ್ತಪರೀಕ್ಷೆಗೆ ಬಂದ ಹೆಂಗಸರು. ಬೋರ್ಡು ನೋಡಿ, ಮೇಲೆ ಬಂದು, ಬಾಗಿಲಲ್ಲೇ ನಿಂತು, "ನಮ್ಮನೆಯವ್ರು ಬಿಟ್ಟೋಗವ್ರೆ" ಅನ್ನುವವರು. ಕುಣಿಗಲ್ ಕೆರೆ ಏರಿಯ ಕೆಳಗೆ ಹೊಲಿಗೆ ಅಂಗಡಿ ಇಟ್ಟಿದ್ದ ಮರಿಯಮ್ಮನ ಕೇಸು ಗೆದ್ದ ಮೇಲೆ ಆ ಕಡೆಯಿಂದಲೂ ಬರತೊಡಗಿದರು. ಮರಿಯಮ್ಮನ ಗಂಡ ಆರು ವರ್ಷದ ಮಗನನ್ನು ಎಳೆದುಕೊಂಡು ಹೋಗಿದ್ದ. ಜಡ್ಜು ಮಗುವನ್ನು ಮಾತಾಡಿಸುವ ದಿನ ಮರಿಯಮ್ಮ ಕೋರ್ಟಿನ ಹುಣಸೆಮರದ ಕೆಳಗೆ ಕೈಗೆ ಸಿಕ್ಕ ಮಗನಿಗೆ ಪಾಠ ಶುರುಮಾಡಿದಳು.

"ಅಪ್ಪ ಹೊಡೀತಾನೆ ಅನ್ನು ಮಗ, ಜೋರಾಗಿ ಅನ್ನು..."

"ಮರಿಯಮ್ಮ, ಏನೂ ಹೇಳ್ಕೊಡ್ಬೇಡ" ಅಂದಳು ಗಂಗಾಂಬಿಕೆ.

"ಆ ಕಡೆಯೋರು ಹೇಳ್ಕೊಟ್ಟವ್ರಲ್ಲ ಮೇಡಂ! ನಾವ್ಯಾಕೆ ಸುಮ್ನಿರಾದು?"

"ಹೇಳ್ಕೊಟ್ಟಿದ್ದು ಮಗು ಬಾಯಲ್ಲಿ ಬಂದ್ರೆ ಗೊತ್ತಾಗಿಬಿಡತ್ತೆ. ಅವರು ಹೇಳ್ಕೊಡ್ಲಿ ಬಿಡು."

ಹುಡುಗ ಒಳಗೆ ಹೋಗಿ, ಅಪ್ಪನ ಬೈಕು ಇಷ್ಟ, ಆದರೆ ನಿದ್ದೆ ಅಮ್ಮನ ಹತ್ತಿರ ಮಾತ್ರ ಬರುತ್ತದೆ ಅಂದ. ಅಪ್ಪ ಹೇಳಿಕೊಟ್ಟ ಮೂರು ವಾಕ್ಯಗಳನ್ನೂ ಪದ್ಯದ ಹಾಗೆ ಒಪ್ಪಿಸಿದ. ಮಗು ತಾಯಿಗೆ ಸಿಕ್ಕಿತು.

ಹೀಗೆ ಏಳೆಂಟು ವರ್ಷ. ಬೆಳಿಗ್ಗೆ ಮಗಳ ಡಬ್ಬಿ, ಎಂಟೂವರೆಯ ಕುಣಿಗಲ್ ಬಸ್ಸು, ಇಲ್ಲವೇ ಗುಬ್ಬಿ ಬಸ್ಸು, ಸಂಜೆ ರೂಮು. ನಂದಿತಾ ಹೋಂವರ್ಕನ್ನು ಡೈವೋರ್ಸ್ ಫೈಲುಗಳ ಪಕ್ಕದಲ್ಲೇ ಬರೆದು ಎಸ್ಸೆಸ್ಸೆಲ್ಸಿಗೆ ಬಂದಳು. ಎರಡು ಸಾವಿರದ ಇಪ್ಪತ್ತೈದರಲ್ಲಿ ಮತ್ತೆ ಅರ್ಜಿ ಕರೆದಾಗ ಗಂಗಾಂಬಿಕೆಗೆ ನಲವತ್ತನಾಲ್ಕು. ಈ ಸಲ ತಪ್ಪಿದರೆ ಇನ್ನಿಲ್ಲ. ಪಟ್ಟಿಯಲ್ಲಿ ತನ್ನದೇ ಸಹಿ ಇದ್ದ ಕೇಸುಗಳನ್ನು ಮಾತ್ರ ಬರೆದಳು. ಪರೀಕ್ಷೆ ಪಾಸಾಯಿತು. ಸಂದರ್ಶನದಲ್ಲಿ ಒಬ್ಬರು ಕೇಳಿದರು: "ಎಲ್ಲ ಸಂಸಾರದ ಕೇಸುಗಳೇ ಇವೆಯಲ್ಲಮ್ಮ. ಕೊಲೆ ಕೇಸು, ದೊಡ್ಡ ದಾವೆ ನಡೆಸಿಲ್ಲವೇ?"

"ನಡೆಸಿದೀನಿ ಸರ್. ತೋರಿಸೋಕೆ ಕಾಗದ ಇಲ್ಲ."

ಆಯ್ಕೆಪಟ್ಟಿ ಬಂದಾಗ ಅವಳ ಹೆಸರು ಕೊನೆಯದು. ಅದರ ಕೆಳಗೆ, ಯಾರಾದರೂ ಬಿಟ್ಟುಹೋದರೆ ಅಂತ ಕಾಯ್ದಿಟ್ಟ ಪಟ್ಟಿಯಲ್ಲಿ, ಮೊದಲ ಹೆಸರು ಕಿರಣ್‌ಕುಮಾರ್.

ಅವತ್ತೇ ಮಧ್ಯಾಹ್ನ ಸದಾಶಿವಯ್ಯ ಫೋನು ಮಾಡಿದರು. ಎಂಟು ವರ್ಷದ ಮೇಲೆ ಕೇಳಿದ ದನಿ. "ಗಂಗೀ! ನಾನು ಅವತ್ತೇ ಹೇಳಿರ್ಲಿಲ್ವಾ, ಆಗೇ ಆಗ್ತೀಯ ಅಂತ? ನನ್ನ ಕೈಲಿ ಪಳಗಿದೋಳು ಕಣೇ ನೀನು. ಅಡವಿಗೆ ಹೇಳು, ಎಳ್ನೀರು ಕಳಿಸ್ಲಿ." "ಹೇಳ್ತೀನಿ ಸಾರ್" ಅಂದಳು. ಅಷ್ಟೆಲ್ಲ ಆದಮೇಲೂ ಆ ಮನುಷ್ಯನಿಂದ ಇಂಥದ್ದೊಂದು ಮಾತಿಗೆ ತಾನು ಕಾಯುತ್ತಿದ್ದೆ ಅನ್ನೋದು ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು.

ಹದಿನೇಳು ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೈಕೋರ್ಟಿನ ಲಕೋಟೆ ಬಂತು. ಅವಳ ಆಯ್ಕೆಯ ವಿರುದ್ಧ ದೂರು ಬಂದಿದೆ, ಖುದ್ದಾಗಿ ಹಾಜರಾಗಿ ಉತ್ತರ ಕೊಡಬೇಕು. ಹೆಸರಿಲ್ಲದ ದೂರುಗಳನ್ನು ಅಲ್ಲಿ ಮುಟ್ಟುವುದಿಲ್ಲ. ಪ್ರಮಾಣ ಮಾಡಿ ಕೊಟ್ಟರೆ ಮಾತ್ರ ನೋಡುತ್ತಾರೆ. ಆದ್ದರಿಂದ ಪ್ರಮಾಣ ಮಾಡಿಯೇ ಕೊಟ್ಟಿದ್ದರು.

'ಎಸ್. ಸದಾಶಿವಯ್ಯ, ವಯಸ್ಸು ಎಪ್ಪತ್ತಾರು ವರ್ಷ, ಆದ ನಾನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುವುದೇನೆಂದರೆ...'

ಅಡುಗೆಮನೆಯಲ್ಲಿ ಮಗಳ ಡಬ್ಬಿಗೆ ಪಲ್ಯ ತುಂಬುತ್ತಿದ್ದವಳು ಚಮಚ ಕೈಯಲ್ಲೇ ಹಿಡಿದು ಓದಿದಳು. ಈಕೆ ನನ್ನ ಆಫೀಸಿನಲ್ಲಿದ್ದಾಗ ನಲವತ್ತೊಂದು ಪ್ರಕರಣಗಳಲ್ಲಿ ನನ್ನ ಗಮನಕ್ಕೆ ತಾರದೆ ನನ್ನ ಸಹಿಯನ್ನು ತಾನೇ ಹಾಕಿರುತ್ತಾಳೆ. ಸದರಿ ಪ್ರಕರಣಗಳನ್ನು ಮೊದಲಿನಿಂದ ಕೊನೆಯವರೆಗೆ ಈಕೆಯೊಬ್ಬಳೇ ನಡೆಸಿದ್ದು, ಬೇರೆ ಯಾರೂ ಆ ಫೈಲುಗಳನ್ನು ಮುಟ್ಟಿರುವುದಿಲ್ಲವಾದ್ದರಿಂದ, ಸಹಿ ಈಕೆಯದೇ ಎನ್ನುವುದರಲ್ಲಿ ಸಂಶಯವಿಲ್ಲ. ಕೆಳಗೆ ಪಟ್ಟಿ. ನಂಬರು, ಕೋರ್ಟು, ಸಾಕ್ಷಿಗಳ ಹೆಸರು, ತಾರೀಕು. ಅವಳೇ ಮರೆತಿದ್ದ ಕೇಸುಗಳೂ ಇದ್ದವು. ಕುಣಿಗಲ್ಲಿನ ಆ ಮೊದಲ ಮೆಮೊ ಕೂಡ ಇತ್ತು.

ಕೊನೆಯಲ್ಲಿ ಸಹಿ. ಗೀಚಿದ ಹಾಗಿತ್ತು. ಅಸಲಿ.

"ಇಲ್ಲ ಅನ್ಬುಡು" ಅಂದ ಬಸವಪ್ರಭು. ಎಂದೂ ದನಿ ಏರಿಸದವನು ಮೇಜು ಗುದ್ದಿದ. "ನಂದಲ್ಲ, ಅವರೇ ಹಾಕಿದ್ದು ಅನ್ನು. ಯಾರು ನೋಡವ್ರೆ? ಮುದುಕ ಮಗನ ಸಲುವಾಗಿ ಸುಳ್ಳು ಹೇಳ್ತಾನೆ ಅನ್ನು."

ಅದೇ ಸಂಜೆ ಅಂಜಿನಪ್ಪನ ಫೋನೂ ಬಂತು. ರಿಟೈರಾಗಿದ್ದರೂ ಕೋರ್ಟಿನ ಸುದ್ದಿ ಅವನಿಗೆ ತಪ್ಪುತ್ತಿರಲಿಲ್ಲ. "ಮೇಡಂ, ಯಾರಾದ್ರೂ ನನ್ನ ಕೇಳಿದ್ರೆ ಎಲ್ಲ ಸಾಹೇಬ್ರ ಸಹಿನೇ ಅಂತೀನಿ. ಅವರದ್ದಕ್ಕಿಂತ ನಿಮ್ದೇ ಅವರದ್ದು ಇದ್ದಂಗಿತ್ತು, ಸುಳ್ಳೇನಲ್ಲ ಬುಡಿ!"

ನಕ್ಕಳು. ವಿಚಾರಣೆಯ ದಿನ ಬೆಂಗಳೂರಿನ ಬಸ್ಸಿನಲ್ಲಿ ಕೂತು ಯೋಚಿಸಿದಳು. ಇಲ್ಲ ಅಂದರೆ ಕೆಲಸ ಉಳಿದರೂ ಉಳಿಯಬಹುದು. ಆದರೆ ಜಡ್ಜಾಗಲು ಆಡುವ ಮೊದಲ ಮಾತೇ ಸುಳ್ಳಾಗುತ್ತದೆ; ಜೊತೆಗೆ ನಲವತ್ತೊಂದು ಕೇಸುಗಳನ್ನೂ ತನ್ನ ಬಾಯಿಂದಲೇ ಸದಾಶಿವಯ್ಯನವರಿಗೆ ಬಿಟ್ಟುಕೊಟ್ಟ ಹಾಗೆ. ಹೌದು ಅಂದರೆ ಸನದೂ ಹೋಗಬಹುದು. ಎಲ್ಲಿ ಬರ್ದಿದೆ ಅಂತ ಹೈಕೋರ್ಟಿನವರೂ ಕೇಳಿದರೆ? ಡಾಬಸ್‌ಪೇಟೆ ದಾಟುವವರೆಗೂ ಒಂದು ತೀರ್ಮಾನ, ನೆಲಮಂಗಲಕ್ಕೆ ಇನ್ನೊಂದು.

ವಿಚಾರಣೆ ನಡೆಸಿದ ರಿಜಿಸ್ಟ್ರಾರು ಸಣಕಲು ಮನುಷ್ಯ. ಕನ್ನಡಕ ಮೂಗಿನ ತುದಿಯಲ್ಲಿತ್ತು. ಮೆಮೊಗಳ ನಕಲುಗಳನ್ನು ಅವಳ ಮುಂದಿಟ್ಟರು.

"ಈ ಸಹಿ ಯಾರದು?"

"ನಾನು ಹಾಕಿದ್ದು ಸರ್."

ಅವರು ತಲೆ ಎತ್ತಿದರು. ಈ ಉತ್ತರ ಅವರು ಎಣಿಸಿದ್ದಲ್ಲ. "ಎಲ್ಲವೂ?"

"ಎಲ್ಲವೂ. ಅವರೇ ಹಾಕು ಅಂತಿದ್ರು. ಅದಕ್ಕೆ ಬರವಣಿಗೆಯ ಸಾಕ್ಷಿ ಇಲ್ಲ. ಅವರು ಹೇಳಿದ್ರು ಅನ್ನೋದರಿಂದ ನಾನು ಮಾಡಿದ್ದು ಸರಿಯಾಗಲ್ಲ. ತಪ್ಪು."

"ಕೇಸು ನಡೆಸಿದ್ದು?"

"ನಾನೇ."

ರಿಜಿಸ್ಟ್ರಾರು ಇನ್ನೊಂದು ಫೈಲು ತೆಗೆದು, ಅದರಿಂದ ಒಂದು ಹಾಳೆಯನ್ನು ದೂರಿನ ಪಕ್ಕ ಇಟ್ಟರು. ಕಿರಣ್‌ಕುಮಾರ್ ಎರಡನೇ ಸಲದ ಅರ್ಜಿಗೂ ಅದೇ ಹಳೆಯ ಪತ್ರವನ್ನೇ ಲಗತ್ತಿಸಿದ್ದ. ಅವಳು ಚಿಕ್ಕದು ಮಾಡಿಕೊಟ್ಟಿದ್ದ ಅದೇ ಸ್ಕ್ಯಾನು.

"ಈ ಹತ್ತೊಂಬತ್ತು ಕೇಸು ಅವರ ಮಗ ನಡೆಸಿದ್ದು ಅಂತ ಇಲ್ಲಿ ಬರೆದಿದ್ದಾರೆ. ಅದೇ ಹತ್ತೊಂಬತ್ತನ್ನು ನೀವೊಬ್ಬರೇ ನಡೆಸಿದ್ದು ಅಂತ ಇಲ್ಲಿ ಪ್ರಮಾಣ ಮಾಡಿದ್ದಾರೆ. ಇಷ್ಟು ಹಿರಿಯ ವಕೀಲರು ಹೀಗೆ ಬರೆಯುತ್ತಾರೆಯೇ?"

ಅವಳಿಗೆ ಕಾರಣ ತಕ್ಷಣ ಗೊತ್ತಾಯಿತು. ಹದಿಮೂರು ವರ್ಷ ಅವರು ಬರೆದದ್ದನ್ನೆಲ್ಲ ಹಳೆಯ ಫೈಲಿನ ಜೊತೆ ಹೊಂದಿಸಿ ನೋಡಿ ತಿದ್ದುತ್ತಿದ್ದವಳು ಅವಳೇ. ಈ ಸಲ ಯಾರೂ ತಿದ್ದಿರಲಿಲ್ಲ.

"ನಾನು ನಡೆಸಿದ್ದು ಮಾತ್ರ ನಂಗೆ ಗೊತ್ತು ಸರ್."

ರಿಜಿಸ್ಟ್ರಾರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂದರ್ಶನದ ಟಿಪ್ಪಣಿಯಲ್ಲಿ, ಕೊಲೆ ಕೇಸು ನಡೆಸಿದ್ದಕ್ಕೆ ಕಾಗದವಿಲ್ಲ ಅಂತ ನೀವು ಹೇಳಿದ್ದಾಗಿ ಇದೆ."

"ಹೌದು ಸರ್."

"ಈಗ ಇದೆ" ಅಂದರು, ಸದಾಶಿವಯ್ಯನವರ ದೂರಿನ ಫೈಲು ಮುಚ್ಚುತ್ತಾ.

ಐದು ವಾರ ಏನೂ ಬರಲಿಲ್ಲ. ಆಮೇಲೆ ಎರಡು ಕಾಗದ ಒಟ್ಟಿಗೆ ಬಂದವು. ಒಂದು, ಸಹಿಯ ವಿಷಯದಲ್ಲಿ ಅವಳಿಗೆ ಕಟುವಾದ ಎಚ್ಚರಿಕೆ ಕೊಟ್ಟು ದೂರನ್ನು ಮುಗಿಸಿದ ಆದೇಶ. ಇನ್ನೊಂದು ನೇಮಕದ ಆದೇಶ. ತರಬೇತಿ ಮುಗಿದ ಮೇಲೆ ಬೀದರಿನಲ್ಲಿ, ಫ್ಯಾಮಿಲಿ ಕೋರ್ಟಿಗೆ. ಕಿರಣ್‌ಕುಮಾರ್ ಫೋನು ಮಾಡಿ, "ಅಕ್ಕಾ, ಅಪ್ಪ ಹಿಂಗೆ ಮಾಡ್ತಾರೆ ಅಂತ ನಂಗೊತ್ತಿರ್ಲಿಲ್ಲ, ನಿಜವಾಗ್ಲೂ" ಅಂದ. ಗೊತ್ತಿತ್ತೋ ಇಲ್ಲವೋ, ಅವನ ದನಿಯಿಂದ ಹೇಳಲಾಗಲಿಲ್ಲ. ಮೊದಲಾಗಿದ್ದರೆ ಹೇಳಬಲ್ಲವಳಾಗಿದ್ದಳು.

ಭಾನುವಾರ ಕಾರು ಮಾಡಿಕೊಂಡು ಗುಬ್ಬಿಗೆ ಹೋದಳು. ಎಪ್ಪತ್ತೇಳರ ಅಡವಿಯಪ್ಪ ಅದೇ ಜಗಲಿಯ ಮೇಲೆ ಕೂತಿದ್ದ. ಆದೇಶದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಕಣ್ಣು ಸಾಲದೆ, ಸೀಲಿನ ಮೇಲೆ ಬೆರಳಾಡಿಸಿದ.

"ಬೀದರಾ? ದೂರ ಆಯ್ತಲ್ಲವ್ವ. ಇರ್ಲಿ." ಹಾಳೆ ಮಡಿಸಿ ಕೊಡುತ್ತಾ ಕೇಳಿದ: "ಸದಾಶಿವ ಈ ಸಲಾನೂ ಬರ್ಕೊಟ್ನಾ?"

ಗಂಗಾಂಬಿಕೆ ಅಪ್ಪನ ಪಕ್ಕ ಕೂತಳು.

"ಬರ್ಕೊಟ್ರು ಅಪ್ಪ."

"ಎಷ್ಟು ಕೇಸು?"

"ನಲವತ್ತೊಂದು. ಎಲ್ಲ ನಂದೇ ಅಂತ ಬರ್ದವ್ರೆ."

"ಸಹಿ?"

"ಅವರೇ ಹಾಕವ್ರೆ."

"ನೋಡ್ದಾ? ಲಿಂಗ ಮುಟ್ಟಿದ್ದ ಕಣೇ ಅವ್ನು." ಮುದುಕ ಕಣ್ಣೊರೆಸಿಕೊಂಡ. "ಹೋಗ್ತಾ ಮರಳೂರಿಗೆ ಎರಡು ಗೊನೆ ಎಳ್ನೀರು ಕೊಟ್ಟೋಗು."

"ಹೂಂ" ಅಂದಳು.

ಎಳನೀರು ಮರಳೂರಿನಲ್ಲಿ ಇಳಿಯದೆ, ಕಾರಿನ ಡಿಕ್ಕಿಯಲ್ಲೇ ಬಟವಾಡಿಗೆ ಬಂತು. ಸದಾಶಿವಯ್ಯ ಕೊಟ್ಟ ಮಾತು ಉಳಿಸಿಕೊಂಡಿದ್ದರು.